ಒಳ್ಳೆ ಎಲೆ ಕೈಯಲ್ಲಿದ್ದಾಗ ಎದ್ದು ಹೋಗುವುದು: ಸುರಪುರ ಸೀಮೆಯ ಮೂವರು ನಾಯಕರು

ಕೆಟ್ಟ ಎಲೆ ಬಂದಾಗ ಆಟ ಬಿಡೋದಕ್ಕೆ ದೊಡ್ಡ ಬುದ್ಧಿಯೇನೂ ಬೇಕಾಗಿಲ್ಲ. ಮೂರೆಲೆ ಆಡುವ ಹುಡುಗರೂ ಎರಡು, ಐದು, ಎಂಟು ಬಂದರೆ ಮುಖ ಸಿಂಡರಿಸಿಕೊಂಡು "ಪ್ಯಾಕ್" ಅಂತ ಎಲೆ ಎಸೆದು ಚಹಾ ಕುಡಿಯೋಕೆ ಎದ್ದು ಹೋಗ್ತಾರೆ. ಕಷ್ಟ ಶುರುವಾಗೋದು ಒಳ್ಳೆ ಎಲೆ ಬಂದಾಗ.

ನೋ-ಲಿಮಿಟ್ ಪೋಕರ್ ಅನ್ನೋ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬೊಬ್ಬರಿಗೆ ಎರಡೆರಡು ಎಲೆ ಮುಚ್ಚಿ ಕೊಡ್ತಾರೆ. ಮಧ್ಯದಲ್ಲಿ ಐದು ಎಲೆ ಒಂದಾದ ಮೇಲೊಂದು ಬಿಚ್ಚಿ ಇಡ್ತಾರೆ, ಅವು ಎಲ್ಲರಿಗೂ ಸೇರಿದವು. ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಜೋಡಿಸಿಕೊಂಡವನದು ಮೇಲುಗೈ. ನೋ-ಲಿಮಿಟ್ ಅಂದರೆ, ಯಾರು ಬೇಕಾದರೂ ಯಾವಾಗ ಬೇಕಾದರೂ ತನ್ನ ಮುಂದಿರುವ ಅಷ್ಟೂ ದುಡ್ಡನ್ನು ಒಂದೇ ಸಲಕ್ಕೆ ಮುಂದೆ ತಳ್ಳಬಹುದು. ಆಟದ ಮಜವೂ ಭಯವೂ ಇರೋದು ಅಲ್ಲೇ.

ನಿಮ್ಮ ಕೈಯಲ್ಲಿ ಎರಡು ರಾಜ ಇವೆ ಅಂದುಕೊಳ್ಳಿ, ಒಂದು ಇಸ್ಪೀಟು, ಒಂದು ಕಳಾವರ. ಮಧ್ಯದಲ್ಲಿ ಬಿದ್ದದ್ದು ಆಟೀನು ರಾಜ, ಆಟೀನು ಒಂಬತ್ತು, ಆಟೀನು ನಾಲ್ಕು, ಇಸ್ಪೀಟು ಎರಡು, ಕೊನೆಗೆ ಆಟೀನು ಗುಲಾಮ. ನಿಮ್ಮ ಹತ್ತಿರ ಮೂರು ರಾಜ! ಇಂಥ ಎಲೆ ಇಡೀ ರಾತ್ರಿ ಕೂತರೂ ಮತ್ತೆ ಬರಲಿಕ್ಕಿಲ್ಲ. ಆದರೆ ಮಧ್ಯದಲ್ಲಿ ನಾಲ್ಕು ಆಟೀನು ಬಿದ್ದಿವೆ. ಎದುರಿನವನ ಹತ್ತಿರ ಒಂದೇ ಒಂದು ಆಟೀನು ಇದ್ದರೂ ನಿಮ್ಮ ಮೂರು ರಾಜರು ಸೋತ ಹಾಗೆ. ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತಿದ್ದ ಅವನು ಈಗ ಇದ್ದದ್ದನ್ನೆಲ್ಲ ತಳ್ಳಿಬಿಟ್ಟ. ಏನ್ ಮಾಡ್ತೀರಿ?

ಲೆಕ್ಕದವರು ಹೇಳೋದು ಹೀಗೆ. ಮಧ್ಯದಲ್ಲಿ 4000 ಇದೆ. ಅವನು 4000 ತಳ್ಳಿದ. ನೀವೂ 4000 ಹಾಕಿ ಗೆದ್ದರೆ ಸಿಗೋದು 8000. ಮೂರು ಸಲದಲ್ಲಿ ಒಂದು ಸಲ ನಿಮ್ಮ ಎಲೆ ಮೇಲಾದರೂ ಲಾಭವಿಲ್ಲ, ನಷ್ಟವಿಲ್ಲ. ಹಾಗಾಗಿ ಕೇಳಿಕೊಳ್ಳಬೇಕಾದ್ದು "ನನ್ನ ಎಲೆ ಎಷ್ಟು ಚೆಂದ" ಅಂತ ಅಲ್ಲ, "ಇವನು ಈಗ, ಈ ರೀತಿ ದುಡ್ಡು ತಳ್ಳಿದಾಗ ಮೂರರಲ್ಲಿ ಒಂದು ಸಲವಾದರೂ ಸುಳ್ಳು ಹೇಳ್ತಿರ್ತಾನಾ" ಅಂತ. ಲೆಕ್ಕ ಸರಿಯಾಗಿದೆ. ಆದರೆ ಅದು ನಡೆಯೋದು ನಿಮಗೆ ನಾಳೆಯೂ ನಾಡಿದ್ದೂ ಆಡೋಕೆ ದುಡ್ಡು ಇದ್ದಾಗ ಮಾತ್ರ. ಆ 4000 ಬಿಟ್ಟರೆ ಮನೆಯಲ್ಲಿ ಬಿಡಿಗಾಸಿಲ್ಲ ಅಂದರೆ ಲೆಕ್ಕವೇ ಬೇರೆ. (ಅಂದ ಹಾಗೆ, ದುಡ್ಡು ಕಟ್ಟಿ ಆನ್‌ಲೈನ್‌ನಲ್ಲಿ ಆಡೋ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದೆ. ನಾನು ಹೇಳ್ತಿರೋದು ಹುಣಸೆಬೀಜ ಇಟ್ಟು ಆಡೋ ಪೋಕರ್ ಬಗ್ಗೆ, ಯಾರೂ ಗಾಬರಿ ಆಗಬೇಡಿ :))

ಈ ಪ್ರಶ್ನೆಗೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉತ್ತರ ಯಾವ ಪೋಕರ್ ಪುಸ್ತಕದಲ್ಲೂ ಇಲ್ಲ. ಅದು ಇರೋದು ಯಾದಗಿರಿ ಜಿಲ್ಲೆಯಲ್ಲಿ.

ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಇಳಿದು, ಭೀಮಾ ನದಿ ದಾಟಿ ಪಶ್ಚಿಮಕ್ಕೆ ಹೊರಟರೆ ಶಹಾಪುರ. ಬುದ್ಧ ಮಲಗಿದ ಹಾಗೆ ಕಾಣೋ ಬೆಟ್ಟದ ಸಾಲು ಇರೋ ಊರು. ಶಹಾಪುರ ತಾಲೂಕಿನಲ್ಲೇ ಸಗರ ಅಂತ ಹಳೇ ಊರಿದೆ. ಮುಂದೆ ಹೋದರೆ ಗುಡ್ಡಗಳ ನಡುವೆ ಸುರಪುರ, ಅದರ ಹತ್ತಿರವೇ ವಾಗಣಗೇರಾ. ಒಂದು ಕಡೆ ಭೀಮಾ, ಇನ್ನೊಂದು ಕಡೆ ಕೃಷ್ಣಾ. ಈ ಎರಡು ನದಿಗಳ ನಡುವಿನ ಬಂಡೆಗುಡ್ಡಗಳ ಸೀಮೆ ಬೇಡ ನಾಯಕರದು. ಬಂದೂಕಿನ ಗುರಿಗೆ ಹೆಸರಾದ ಜನ. ಬಿಜಾಪುರದ ಸುಲ್ತಾನರಿಗೆ ಇವರ ಕಾಲಾಳು ಪಡೆ ಬೇಕಿತ್ತು, ಆಮೇಲೆ ಮೊಘಲರಿಗೂ ಬೇಕಾಯಿತು.

ಈ ಮನೆತನದ ಮೂವರು ಮೂರು ಕಾಲದಲ್ಲಿ ಒಂದೇ ಪ್ರಶ್ನೆಗೆ ಎದುರಾದರು. ಮೊದಲನೆಯವನದು ಚಿಕ್ಕ ಕಥೆ. 1686ರ ಸೆಪ್ಟೆಂಬರಿನಲ್ಲಿ ಬಿಜಾಪುರ ಬಿತ್ತು. ಮರುವರ್ಷ ಅದೇ ತಿಂಗಳು ಗೋಲ್ಕೊಂಡ ಬಿತ್ತು. ಔರಂಗಜೇಬ ಸಗರದ ಕಡೆ ಸೇನೆ ಕಳಿಸಿದ. ಅಲ್ಲಿದ್ದ ಪಾಮನಾಯಕ 1687ರ ನವೆಂಬರಿನಲ್ಲಿ ಕೋಟೆ ಒಪ್ಪಿಸಿ ದರ್ಬಾರಿಗೆ ಹೋದ. ಹೋದ ಕೆಲವೇ ದಿನಗಳಲ್ಲಿ ಅಲ್ಲೇ ತೀರಿಕೊಂಡ. ಸಗರಕ್ಕೆ ನುಸ್ರತಾಬಾದ್ ಅಂತ ಹೊಸ ಹೆಸರು ಬಂತು. ಎರಡು ಸುಲ್ತಾನರ ರಾಜ್ಯಗಳೇ ಹೋದ ಮೇಲೆ ಪಾಮನಾಯಕ ಎಲೆ ಬಿಟ್ಟದ್ದು ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಆದರೆ ಅವನು ಬಿಟ್ಟದ್ದು ಎಲೆಯನ್ನು ಮಾತ್ರ ಅಲ್ಲ. ತನ್ನ ಮುಂದಿದ್ದ ದುಡ್ಡನ್ನೂ ಗಂಟು ಕಟ್ಟಿ ಎದುರಿನವನ ಕೈಗೇ ಕೊಟ್ಟು, ಅವನ ಮನೆಗೇ ಹೋಗಿ ಕೂತ.

ಎರಡನೆಯವನು ಪಿಡ್ಡನಾಯಕ, ಪಾಮನಾಯಕನ ಅಣ್ಣತಮ್ಮಂದಿರ ಮಗ, ಉತ್ತರಾಧಿಕಾರಿ. ಪಾರಸಿ ಬರಹಗಳಲ್ಲಿ ಇವನು ಪಿಡಿಯಾ. ಮೊದಲು ಮೊಘಲರ ಚಾಕರಿಗೆ ಸೇರಿ 1689ರಲ್ಲಿ ರಾಯಚೂರನ್ನು ಹಿಡಿಯುವಾಗ ಅವರ ಜೊತೆಗಿದ್ದ. ಆಮೇಲೆ ಸ್ವಲ್ಪ ದಿನ ಊರಿಗೆ ಹೋಗಿ ಬರ್ತೀನಿ ಅಂತ ಹೊರಟವನು ವಾಗಣಗೇರಾದಲ್ಲಿ ಕೂತು ಕೋಟೆ ಗಟ್ಟಿ ಮಾಡಿಕೊಂಡ, ಬಂದೂಕಿನ ಕಾಲಾಳುಗಳನ್ನು ಕೂಡಿಹಾಕಿಕೊಂಡ, ಸುತ್ತಲಿನ ಮೊಘಲ್ ಸೀಮೆಗೆ ಕೈ ಹಾಕಿದ. ದಂಡು ಬಂದಾಗಲೆಲ್ಲ "ತಪ್ಪಾಯ್ತು" ಅಂದು ಕಾಣಿಕೆ ಕೊಟ್ಟು ಕಳಿಸ್ತಿದ್ದ. ದಂಡು ಹೋದ ಮೇಲೆ ಮತ್ತೆ ಅದೇ ಕೆಲಸ! ಪೋಕರಿನಲ್ಲಿ ಇಂಥವನು ನಿಮ್ಮ ಎದುರು ಕೂತರೆ ತಲೆ ಕೆಟ್ಟುಹೋಗುತ್ತೆ. ಸಣ್ಣ ಸಣ್ಣ ಆಟ ಬಿಟ್ಟುಕೊಡ್ತಾನೆ, ದೊಡ್ಡದಕ್ಕೆ ಸಿಕ್ಕೋದೇ ಇಲ್ಲ.

1705ರ ಫೆಬ್ರವರಿಯಲ್ಲಿ ಖುದ್ದು ಬಾದಶಹನೇ ಬಂದ. ಆಗ ಔರಂಗಜೇಬನಿಗೆ 86 ವರ್ಷ. ಅವನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಶಿವಾಜಿ ಕಟ್ಟಿದ ಎಂಥೆಂಥ ಗಿರಿದುರ್ಗಗಳನ್ನು ಹಿಡಿದವನು ಈ ಮಣ್ಣು-ಕಲ್ಲಿನ ಗುಡ್ಡದ ಕೋಟೆಗೆ ಎಷ್ಟು ದಿನ ಅಂದುಕೊಂಡಿದ್ದನೋ.

ಪಿಡ್ಡನಾಯಕನ ಕೈಯಲ್ಲಿದ್ದದ್ದು ಒಳ್ಳೆ ಎಲೆಗಳೇ. ಬಂಡೆಗಳ ಮೇಲಿನ ಕೋಟೆ. ಅದರ ಬುಡದಲ್ಲಿ ತಳವಾರಗೇರಾ ಅನ್ನೋ ಪೇಟೆ. ಒಳಗೆ ಹದಿನಾಲ್ಕು ಹದಿನೈದು ಸಾವಿರ ಕಾಲಾಳು ಇತ್ತು ಅಂತ ಜದುನಾಥ ಸರ್ಕಾರರು ಔರಂಗಜೇಬನ ಇತಿಹಾಸದಲ್ಲಿ ಲೆಕ್ಕ ಕೊಡ್ತಾರೆ. ಎದುರಿಗಿದ್ದ ಲಾಲ್ ಟಿಕ್ರಿ, ಅಂದರೆ ಕೆಂಪು ಗುಡ್ಡವನ್ನು ಮೊಘಲರು ಶುರುವಿನಲ್ಲೇ ಹಠಾತ್ತನೆ ಹತ್ತಿಬಿಟ್ಟಿದ್ದರು. ಬೇಡರು ಗುಂಡು ಹಾರಿಸಿ, ಕಲ್ಲು ಉರುಳಿಸಿ ಕೆಳಗಿಳಿಸಿದರು. ವಾರಗಟ್ಟಲೆ ಹೀಗೇ ನಡೆಯಿತು.

ಆಮೇಲೆ ಮರಾಠರು ಬಂದರು. ಧನಾಜಿ ಜಾಧವ, ಹಿಂದೂರಾವ್ ಅವರ ಐದಾರು ಸಾವಿರ ಕುದುರೆ ದಂಡು. ಇದನ್ನು ಓದಿದಾಗ ಮೊದಲಿಗೆ ಸ್ನೇಹಕ್ಕೆ ಬಂದರು ಅಂತ ಅಂದುಕೊಂಡೆ. ಅವರು ಬಂದದ್ದು ತಮ್ಮ ಹೆಂಡಿರು ಮಕ್ಕಳನ್ನು ಕರೆದೊಯ್ಯೋಕೆ. ಎಷ್ಟೋ ಮರಾಠಾ ಸರದಾರರು ತಮ್ಮ ಸಂಸಾರಗಳನ್ನು ಸುರಕ್ಷಿತ ಜಾಗ ಅಂತ ವಾಗಣಗೇರಾದಲ್ಲೇ ಇಟ್ಟಿದ್ದರು! ಮುಂದಿನಿಂದ ಒಂದು ಗುಂಪು ಮೊಘಲರ ಮೇಲೆ ಬಿದ್ದು ಗದ್ದಲ ಎಬ್ಬಿಸಿತು, ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಹೆಣ್ಣುಮಕ್ಕಳನ್ನು ಹೊರಗೆ ಸಾಗಿಸಿದರು. ಕೆಲಸ ಮುಗಿಯಿತು, ಹೊರಡ್ತೀವಿ, ನೀನೂ ರಾಜಿ ಮಾಡಿಕೋ ಅಂದರು. ಪಿಡ್ಡನಾಯಕ ದಿನಕ್ಕೆ ಇಷ್ಟು ಸಾವಿರ ಅಂತ ಕೂಲಿ ಗೊತ್ತು ಮಾಡಿ ಅವರನ್ನು ನಿಲ್ಲಿಸಿಕೊಂಡ. ನನ್ನ ಮಟ್ಟಿಗೆ ಈ ಇಡೀ ಕಥೆಯ ಜೀವಾಳ ಇಲ್ಲಿದೆ. ಆ ದಂಡಿನಿಂದ ಬಾದಶಹನನ್ನು ಓಡಿಸೋಕೆ ಆಗಲ್ಲ ಅನ್ನೋದು ಅವನಿಗೆ ಗೊತ್ತಿದ್ದಿರಲೇಬೇಕು. ಅವನು ದುಡ್ಡು ಕೊಟ್ಟು ಕೊಂಡದ್ದು ಹೊರಗೆ ಹೋಗೋ ದಾರಿಯನ್ನು.

ಮಧ್ಯೆ ಒಂದು ನಾಟಕವೂ ಆಯಿತು. ಅಬ್ದುಲ್ ಘನಿ ಅನ್ನೋ ಕಾಶ್ಮೀರಿ ವ್ಯಾಪಾರಿಯ ಕೈಯಲ್ಲಿ ಸಂಧಿಯ ಮಾತು ಹೋಯಿತು. ಪಿಡ್ಡನಾಯಕನ ತಮ್ಮ ಮೊಘಲ್ ಪಾಳೆಯಕ್ಕೆ ಹೋದ, ಒಬ್ಬ ಮೊಘಲ್ ಸರದಾರ ನಾಲ್ಕು ಜನರೊಂದಿಗೆ ಕೋಟೆಯೊಳಗೆ ಬಂದ. ಪಾಳೆಯದಲ್ಲಿ ವಿಜಯದ ನಗಾರಿ ಬಾರಿಸಿದರು. ನಾಯಕನೆಲ್ಲಿ ಅಂದರೆ, ಅವನಿಗೆ ಹುಚ್ಚು ಹಿಡಿದು ಮರಾಠರ ಜೊತೆ ಎಲ್ಲೋ ಓಡಿಹೋಗಿದ್ದಾನೆ ಅಂತ ಅವನ ತಾಯಿಯ ಹೆಸರಲ್ಲಿ ಸುದ್ದಿ ಬಂತು. ಕೊನೆಗೆ ನೋಡಿದರೆ ಆ ಹುಚ್ಚ ಕೋಟೆಯೊಳಗೇ ಆರಾಮಾಗಿದ್ದ :) ದಿನಗಳು ಕಳೆದವು, ಅದೇ ಅವನಿಗೆ ಬೇಕಾಗಿತ್ತು.

ಆಟ ತಿರುಗಿದ್ದು ಜುಲ್ಫಿಕರ್ ಖಾನ್ ಬಂದ ಮೇಲೆ. ಜಿಂಜಿ ಹಿಡಿದವನು, ಮೊಘಲರ ಕಡೆಯ ದೊಡ್ಡ ಸೇನಾಪತಿ. ಅವನ ಜೊತೆ ದಲಪತರಾವ್ ಬುಂದೇಲನ ಪಡೆ. ಇವರು ಗೋಡೆಗೆ ತಲೆ ಚಚ್ಚಿಕೊಳ್ಳಲಿಲ್ಲ. ಲಾಲ್ ಟಿಕ್ರಿಯನ್ನು ಹಿಡಿದರು. ತಳವಾರಗೇರಾದ ಹತ್ತಿರ ಬೇಡರು ನೀರು ತರುತ್ತಿದ್ದ ಬಾವಿಗಳನ್ನು ಹಿಡಿದರು. ಏಪ್ರಿಲ್ ತಿಂಗಳು, ನಮ್ಮ ಆ ಸೀಮೆಯ ಬಿಸಿಲು, ಬಾವಿ ಕೈತಪ್ಪಿದೆ... ಇದು ಮಧ್ಯದಲ್ಲಿ ಬಿದ್ದ ನಾಲ್ಕನೇ ಆಟೀನು. ಪಿಡ್ಡನಾಯಕನ ಕೈಯೊಳಗಿನ ಎಲೆ ಬದಲಾಗಿಲ್ಲ. ಕೋಟೆ ಅದೇ, ಬಂದೂಕು ಅದೇ, ಜನ ಅದೇ. ಬದಲಾದದ್ದು ಅವುಗಳ ಬೆಲೆ.

ಏಪ್ರಿಲ್ 27ರಂದು ಮೊಘಲರು ತಳವಾರಗೇರಾದ ಮೇಲೆ ಬಿದ್ದು ಪೇಟೆ ಹಿಡಿದರು. ಅವತ್ತು ರಾತ್ರಿಯೇ ಪಿಡ್ಡನಾಯಕ ಹೊರಟ. ಒಂದಷ್ಟು ಜನ ಗುಂಡು ಹಾರಿಸುತ್ತಲೇ ಇರಿ ಅಂತ ಬಿಟ್ಟು, ಊರಿಗೆ ಬೆಂಕಿ ಇಟ್ಟು, ಮರಾಠರ ಜೊತೆ ಇನ್ನೊಂದು ಬಾಗಿಲಿಂದ ಮಾಯವಾದ. ಗುಂಡಿನ ಸದ್ದು ನಿಂತದ್ದು ಯಾಕೆ ಅಂತ ಮೊಘಲರು ಹೋಗಿ ನೋಡಿದಾಗ ಸಿಕ್ಕಿದ್ದು ಉರಿಯುತ್ತಿರುವ ಖಾಲಿ ಕೋಟೆ. ಔರಂಗಜೇಬ ಅದಕ್ಕೆ ರಹಮಾನ್ ಬಕ್ಷ್ ಅಂತ ಹೆಸರಿಟ್ಟ. ಹೆಸರಿಡೋದರಲ್ಲಿ ಅವನನ್ನು ಮೀರಿಸಿದವರಿಲ್ಲ.

ಮೂರು ತಿಂಗಳ ಹತ್ತಿರ ಹಿಡಿದಿಟ್ಟುಕೊಂಡ ಕೋಟೆಯನ್ನು ಒಂದೇ ರಾತ್ರಿಯಲ್ಲಿ ಬಿಟ್ಟು ಹೋಗೋದು ಸುಲಭ ಅಲ್ಲ. ಇಷ್ಟು ದಿನ ಸತ್ತವರ ಲೆಕ್ಕ, ಮರಾಠರಿಗೆ ಸುರಿದ ದುಡ್ಡಿನ ಲೆಕ್ಕ, ಇವೆಲ್ಲ ಕಾಲು ಹಿಡಿದು ಎಳೆಯುತ್ತವೆ. "ಇಷ್ಟು ಹಾಕಿದ್ದೀವಿ, ಈಗ ಬಿಡೋದಾ" ಅನ್ನೋದು ಇಸ್ಪೀಟು ಆಡೋರ ಬಾಯಲ್ಲಿ ಅತಿ ಹೆಚ್ಚು ಮನೆ ಹಾಳು ಮಾಡಿದ ಮಾತು. ಹಾಕಿದ ದುಡ್ಡು ಮಧ್ಯಕ್ಕೆ ಬಿದ್ದ ಗಳಿಗೆಯೇ ನಿಮ್ಮದಲ್ಲ. ಪಿಡ್ಡನಾಯಕನಿಗೆ ಕೋಟೆ ಮಧ್ಯಕ್ಕೆ ಬಿದ್ದ ದುಡ್ಡು. ಅವನ ಸ್ವಂತ ಗಂಟು ಅಂದರೆ ಆ ಬಂದೂಕಿನ ಜನ, ಅವರು ಹುಟ್ಟಿ ಬೆಳೆದ ಗುಡ್ಡಗಾಡು, ನಾಯಕ ಬದುಕಿದ್ದಾನೆ ಅನ್ನೋ ಸುದ್ದಿ. ಅದನ್ನು ಎತ್ತಿಕೊಂಡು ಹೋದ.

ಈ ಆಟದಲ್ಲಿ ಎಲೆ ಬಿಡೋಕೆ ಬಾರದವನು ನಿಜವಾಗಿ ಔರಂಗಜೇಬ. 1681ರಲ್ಲಿ ದಖನ್ನಿಗೆ ಬಂದವನು, ಇನ್ನೊಂದು ಕೋಟೆ, ಇನ್ನೊಂದು ಗುಡ್ಡ ಅನ್ನುತ್ತ ಕೂತು ಮತ್ತೆ ದೆಹಲಿ ನೋಡಲೇ ಇಲ್ಲ. ಇಡೀ ಹಿಂದೂಸ್ತಾನದ ಖಜಾನೆ ಅವನ ಮುಂದೆ ರಾಶಿ ಬಿದ್ದಿತ್ತು. ಎಲ್ಲರಿಗಿಂತ ದೊಡ್ಡ ರಾಶಿ ಇದ್ದವನು ಒಂದು ಕೈ ಸೋತರೂ ಏನೂ ಆಗಲ್ಲ, ಅದಕ್ಕೇ ಅವನು ಏಳೋದೇ ಇಲ್ಲ. ವಾಗಣಗೇರಾ ಗೆದ್ದು ಕೃಷ್ಣಾ ಕಡೆಗೆ ಹತ್ತಿರದ ದೇವಾಪುರದಲ್ಲಿ ಬಿಡಾರ ಹೂಡಿದ. ಅಲ್ಲಿ ಕಾಯಿಲೆ ಬಿದ್ದ, ಬಾದಶಹ ಸತ್ತನೇನೋ ಅಂತ ಪಾಳೆಯವೆಲ್ಲ ನಡುಗಿತು. ಅಕ್ಟೋಬರಿನಲ್ಲಿ ಪಲ್ಲಕ್ಕಿ ಹತ್ತಿ ಹೊರಟು, 1706ರ ಜನವರಿಯಲ್ಲಿ ಅಹ್ಮದನಗರ ಸೇರಿದ. 1707ರಲ್ಲಿ ಅಲ್ಲೇ ಸತ್ತ. ಗೆದ್ದ ಕೋಟೆಯಿಂದ ಅವನು ತೆಗೆದುಕೊಂಡು ಹೋದದ್ದು ಆ ಕಾಯಿಲೆಯೊಂದನ್ನೇ ಅಂತ ನನಗೆ ಅನ್ನಿಸುತ್ತೆ. ಸೋತ ನಾಯಕರ ಮನೆತನ ಮುಂದೆ ಸುರಪುರವನ್ನು ರಾಜಧಾನಿ ಮಾಡಿಕೊಂಡು 1858ರ ತನಕ ಆಳಿತು. 153 ವರ್ಷ.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಇದೇ ಮಾತನ್ನು ಸುರಪುರದ ಕಡೆಯ ಗೆಳೆಯರೊಬ್ಬರ ಮುಂದೆ ಆಡಿದಾಗ ಅವರು ಕೇಳಿದ್ದು ಬೇರೆಯದನ್ನೇ. "ಹಂಗಾದ್ರ ನಮ್ಮ ವೆಂಕಟಪ್ಪ ನಾಯಕ್ರಿಗೆ ಆಟ ಬರ್ತಿದ್ದಿಲ್ಲ ಅಂತೀರೇನ್ರಿ ಸರ? ಓಡಿ ಹೋದಾಂವ ಶಾಣ್ಯಾ, ನಿಂತಾಂವ ಹುಚ್ಚ?" ನನಗೆ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಮೂರನೆಯವನ ಕಥೆ.

ರಾಜಾ ವೆಂಕಟಪ್ಪ ನಾಯಕ. ತಂದೆ ಕೃಷ್ಣಪ್ಪ ನಾಯಕ 1842ರಲ್ಲಿ ತೀರಿಕೊಂಡಾಗ ಇನ್ನೂ ಹುಡುಗ. ತಾಯಿ ರಾಣಿ ಈಶ್ವರಮ್ಮ. ಸಂಸ್ಥಾನ ನೋಡಿಕೊಳ್ಳೋಕೆ 1841ರಲ್ಲೇ ಬ್ರಿಟಿಷರ ಕಡೆಯಿಂದ ಬಂದವನು ಕ್ಯಾಪ್ಟನ್ ಮೆಡೋಸ್ ಟೇಲರ್, ಠಗ್ಗರ ಕಾದಂಬರಿ ಬರೆದವನು. ಅವನು ಕಟ್ಟಿಸಿದ ಬಂಗಲೆ ಸುರಪುರದಲ್ಲಿ ಟೇಲರ್ ಮಂಜಿಲ್ ಅಂತಲೇ ಹೆಸರಾಯಿತು. ಊರಿನ ಜನ ಅವನನ್ನು ಅಪ್ಪಾ ಅಂತಿದ್ದರು, ಆ ಹುಡುಗ ರಾಜನೂ ಹಾಗೇ ಕರೀತಿದ್ದ. 1853ರಲ್ಲಿ ರಾಜ್ಯ ಹುಡುಗನ ಕೈಗೆ ಬಂತು, ಟೇಲರ್ ಬೇರೆ ಕಡೆ ಹೋದ. ಅವನ ಆತ್ಮಕಥೆ 1877ರಲ್ಲಿ ಬಂತು. ವೆಂಕಟಪ್ಪ ನಾಯಕನ ಬಗ್ಗೆ ನಮಗೆ ಗೊತ್ತಿರೋ ಎಷ್ಟೋ ವಿಷಯ ಅದರಿಂದಲೇ ಬಂದದ್ದು. ಪ್ರೀತಿಯಿಂದ ಬರೆದಿದ್ದಾನೆ, ನಿಜ. ಆದರೂ ಅದು ಎದುರು ಕೂತು ಆಡಿದವರ ಕಡೆಯವನು ಹೇಳೋ ಆಟದ ವರದಿ ಅನ್ನೋದನ್ನು ಮರೆಯೋ ಹಾಗಿಲ್ಲ.

1858ರ ಫೆಬ್ರವರಿಯಲ್ಲಿ ಮಧ್ಯದಲ್ಲಿ ಬಿದ್ದಿದ್ದ ಎಲೆಗಳನ್ನು ನೋಡಿ. 1857ರ ಜುಲೈನಲ್ಲಿ ತುರ್ರೆಬಾಜ್ ಖಾನ್ ಹೈದರಾಬಾದಿನ ರೆಸಿಡೆನ್ಸಿ ಮೇಲೆ ನುಗ್ಗಿ ವಿಫಲನಾಗಿದ್ದ. ನಿಜಾಮನ ದಿವಾನ ಸಾಲಾರ್ ಜಂಗ್ ಯಾರ ಕಡೆ ಅನ್ನೋದು ಅವತ್ತೇ ಗೊತ್ತಾಗಿತ್ತು. ಸೆಪ್ಟೆಂಬರಿನಲ್ಲಿ ದೆಹಲಿ ಮತ್ತೆ ಇಂಗ್ಲಿಷರ ಕೈಗೆ ಹೋಗಿತ್ತು. ನವೆಂಬರಿನಲ್ಲಿ, ಮುಧೋಳದ ಹತ್ತಿರ ಹಲಗಲಿಯ ಬೇಡರು ಆಯುಧ ಒಪ್ಪಿಸೋಲ್ಲ ಅಂದದ್ದಕ್ಕೆ ಆ ಊರನ್ನೇ ಸುಟ್ಟಿದ್ದರು. ಅವರೂ ಬೇಡರೇ. ನರಗುಂದದ ಬಾಬಾಸಾಹೇಬ ಎದ್ದದ್ದು ಸುರಪುರ ಮುಗಿದ ಮೇಲೆ, ಮೇ ತಿಂಗಳಲ್ಲಿ.

ರಾಜನ ಹತ್ತಿರ ಅರಬ್ಬರು, ರೋಹಿಲ್ಲರು ಸೇರಿದ್ದರು. ಬೇಡರ ಪಡೆಯಂತೂ ಇತ್ತು. ಗುಡ್ಡಗಳ ನಡುವಿನ ಊರು. ಇದೂ ಒಳ್ಳೆ ಎಲೆಯೇ, ಪಿಡ್ಡನಾಯಕನದೇ ಎಲೆ! ಆ ಜನರನ್ನು ಕಳಿಸಿಬಿಡು, ಸುಮ್ಮನಿರು ಅಂತ ಬುದ್ಧಿ ಹೇಳೋಕೆ ರೆಸಿಡೆಂಟ್ ಕ್ಯಾಪ್ಟನ್ ಕ್ಯಾಂಬೆಲ್‌ನನ್ನು ಕಳಿಸಿದ. ಕೇಳಲಿಲ್ಲ. ಕ್ಯಾಪ್ಟನ್ ವಿಂಡ್‌ಹ್ಯಾಮನ ದಂಡು ಸುರಪುರಕ್ಕೆ ಬಂತು. ಡೇರೆ ಹೊಡೆಯೋಕೆ ರಾಜನ ಕಡೆಯವರು ಬಂಡೆಗಳ ನಡುವಿನ ಇಕ್ಕಟ್ಟಾದ ಜಾಗ ತೋರಿಸಿದರಂತೆ. ವಿಂಡ್‌ಹ್ಯಾಮ್ ಅದನ್ನು ಬಿಟ್ಟು ಬಯಲಿನಲ್ಲಿ ಇಳಿದ ಅಂತ ಟೇಲರ್ ಬರೀತಾನೆ. ಫೆಬ್ರವರಿ 7ರ ರಾತ್ರಿ ರಾಜನ ಜನ ಆ ಡೇರೆಗಳ ಮೇಲೆ ಬಿದ್ದರು. ಡೇರೆಗಳು ಅಲುಗಲಿಲ್ಲ. ಮರುದಿನ ಗುಡ್ಡದ ಕಾಳಗದಲ್ಲಿ ಇಂಗ್ಲಿಷರ ಕಡೆಯ ಕ್ಯಾಪ್ಟನ್ ನ್ಯೂಬರಿ ಸತ್ತ, ಲೆಫ್ಟಿನೆಂಟ್ ಸ್ಟುವರ್ಟ್ ಗಾಯಗೊಂಡು ಆಮೇಲೆ ತೀರಿಕೊಂಡ. ಅತ್ತ ಕರ್ನಲ್ ಹ್ಯೂಸ್, ಇತ್ತ ಕರ್ನಲ್ ಮಾಲ್ಕಮ್ ಇಬ್ಬರ ದಂಡುಗಳೂ ಸುರಪುರದ ಕಡೆ ನಡೆದು ಬರುತ್ತಿದ್ದವು. ರಾತ್ರಿ ರಾಜ ಕೆಲವೇ ಸವಾರರ ಜೊತೆ ಊರು ಬಿಟ್ಟ.

ಪಿಡ್ಡನಾಯಕನೂ ರಾತ್ರಿಯೇ ಹೋಗಿದ್ದ. ಆದರೆ ಅವನಿಗೆ ಹೊರಗೆ ಧನಾಜಿಯ ಕುದುರೆಗಳಿದ್ದವು, ತೆರೆದ ದಖನ್ ಇತ್ತು, ಮುಪ್ಪಾಗಿ ಕಾಯಿಲೆಗೆ ಹತ್ತಿರವಾಗಿದ್ದ ಎದುರಾಳಿ ಇದ್ದ. ವೆಂಕಟಪ್ಪ ನಾಯಕ ಓಡಿದ್ದು ಹೈದರಾಬಾದಿಗೆ, ಅಂದರೆ ಸಾಲಾರ್ ಜಂಗನ ಊರಿಗೆ. ಅಲ್ಲಿ ಸಿಕ್ಕಿಬಿದ್ದ. ದಿವಾನ ಅವನನ್ನು ರೆಸಿಡೆಂಟನ ಕೈಗೆ ಒಪ್ಪಿಸಿದ. ಗೆಳೆಯರಿಗೆ ನಾನು ಈಗ ಕೊಡೋ ಮೊದಲ ಉತ್ತರ ಇದು: ಇಬ್ಬರ ಧೈರ್ಯದಲ್ಲಾಗಲಿ ಬುದ್ಧಿಯಲ್ಲಾಗಲಿ ವ್ಯತ್ಯಾಸ ಹುಡುಕೋಕೆ ಮೊದಲು, ಆಟದ ಮನೆಗೆ ಹಿಂದಿನ ಬಾಗಿಲು ಇತ್ತಾ ಇಲ್ಲವಾ ನೋಡಬೇಕು. 1705ರಲ್ಲಿ ಇತ್ತು, 1858ರಲ್ಲಿ ಗೋಡೆ ಕಟ್ಟಿಬಿಟ್ಟಿದ್ದರು.

ಇನ್ನೊಂದು ವಿಷಯ. ಪೋಕರ್ ಪಂದ್ಯಗಳಲ್ಲಿ ಪ್ರತಿ ಸುತ್ತಿಗೂ ಸರದಿಯ ಮೇಲೆ ಕಟ್ಟಲೇಬೇಕಾದ ದುಡ್ಡು ಇರುತ್ತೆ, ಹೊತ್ತು ಹೋದಂತೆ ಅದು ಏರ್ತಾ ಹೋಗುತ್ತೆ. ಸಣ್ಣ ಗಂಟಿನವನು ಎಲೆ ಬಿಡ್ತಾ ಬಿಡ್ತಾ ಕೂತರೆ ಆಡದೇನೇ ಬರಿಗೈ ಆಗ್ತಾನೆ. ಅಂಥವನು ಒಂದು ಕಡೆ ಎಲ್ಲವನ್ನೂ ತಳ್ಳಲೇಬೇಕು. ಸುರಪುರದ ಗಂಟು ಎಷ್ಟು ಸಣ್ಣದಾಗಿತ್ತು ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. 1828ರಲ್ಲಿ ಕೃಷ್ಣಪ್ಪ ನಾಯಕ ಪಟ್ಟಕ್ಕೆ ಬಂದಾಗ ಹೈದರಾಬಾದಿನವರು ಹೊರಿಸಿದ ನಜರಾಣೆ 15 ಲಕ್ಷ ರೂಪಾಯಿ. ಆ ಸಾಲದಿಂದಲೇ ಸಂಸ್ಥಾನ ಕುಸಿಯುತ್ತ ಬಂತು. ಸುತ್ತ ನೋಡಿದರೆ 1824ರಲ್ಲಿ ಕಿತ್ತೂರು, 1848ರಲ್ಲಿ ಸಾತಾರಾ ಹೋಗಿದ್ದವು. ಸುಮ್ಮನೆ ಕೂತಿದ್ದರೆ ಉಳಿಯುತ್ತಿತ್ತು ಅಂತ ಆ ಇಪ್ಪತ್ತನಾಲ್ಕರ ಹುಡುಗನಿಗೆ ಹೇಳೋಕೆ ಯಾರಿಗೆ ಧೈರ್ಯ? ಹಾಗಾಗಿ ಅವನು ಎಲ್ಲವನ್ನೂ ತಳ್ಳಿದ್ದನ್ನು ನಾನು ತಪ್ಪು ಅನ್ನಲ್ಲ. ತಳ್ಳಿದ ಹೊತ್ತನ್ನು ಮಾತ್ರ ತಪ್ಪು ಅಂತೀನಿ. ಸಣ್ಣ ಗಂಟಿನವನು ತಳ್ಳಬೇಕಾದ್ದು ಬೇರೆಯವರು ತಮ್ಮ ಎಲೆ ಇನ್ನೂ ನೋಡಿಕೊಳ್ಳುತ್ತಿರುವಾಗ. ದೆಹಲಿ ಉರಿಯುತ್ತಿದ್ದ, ಹೈದರಾಬಾದ್ ಅತ್ತಲೋ ಇತ್ತಲೋ ಅಂತಿದ್ದ 1857ರ ಜೂನಿನಲ್ಲಿ ಸುರಪುರ ಎದ್ದಿದ್ದರೆ ಅದೊಂದು ಆಟ. ಎಲ್ಲ ಎಲೆ ಬಿಚ್ಚಿ ಬಿದ್ದ ಮೇಲೆ ತಳ್ಳಿದರೆ ಎದುರಿನವನು ಹೆದರೋದು ಯಾಕೆ?

ಇದಕ್ಕೆ ಧರ್ಮರಾಯನನ್ನು ಹೋಲಿಸೋರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಪಗಡೆಯಲ್ಲಿ ದಾಳ ಉರುಳಿದ ಮೇಲೆ ಮಧ್ಯದಲ್ಲಿ ಯೋಚಿಸಿ ಬಿಡೋ ಅವಕಾಶವೇ ಇಲ್ಲ, ಅಲ್ಲಿ ಇರೋದು ಆಡೋದು ಅಥವಾ ಆಡದೇ ಇರೋದು. ಈ ನಾಯಕರದು ಪ್ರತಿ ಎಲೆಗೂ ಮತ್ತೆ ತೀರ್ಮಾನ ಮಾಡಬೇಕಾದ ಆಟ.

ಮುಂದಿನದು ಬರೆಯೋಕೆ ಬೇಜಾರಾಗುತ್ತೆ. ವಿಚಾರಣೆಯಲ್ಲಿ ಮರಣದಂಡನೆ ಆಯಿತು. ರೆಸಿಡೆಂಟ್ ಕರ್ನಲ್ ಡೇವಿಡ್ಸನ್ ಅದನ್ನು ಜೀವಾವಧಿ ಕರಿನೀರಿಗೆ ಇಳಿಸಿದ. ಗವರ್ನರ್ ಜನರಲ್ ಅದನ್ನೂ ಇಳಿಸಿ, ಮದ್ರಾಸಿನ ಹತ್ತಿರ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷ ಬಂಧನ ಅಂದ. ನಡತೆ ಚೆನ್ನಾಗಿದ್ದರೆ ಆಮೇಲೆ ರಾಜ್ಯ ವಾಪಸ್ ಸಿಗೋ ಮಾತೂ ಇತ್ತು ಅಂತ ಟೇಲರ್ ಹೇಳ್ತಾನೆ. ಇಷ್ಟೆಲ್ಲ ಸೋತ ಮೇಲೆ, ಯಾರೂ ನಿರೀಕ್ಷಿಸದೆ ಕೈಗೆ ಬಂದ ಒಳ್ಳೆ ಎಲೆ ಅದೊಂದೇ. ಹೈದರಾಬಾದಿನಿಂದ ಹೊರಟು ಮೊದಲ ಮಜಲಿನಲ್ಲೇ, ಕಾವಲಿನ ಅಧಿಕಾರಿ ಬೆಲ್ಟು ಕಳಚಿ ನೇತುಹಾಕಿ ಹೊರಗೆ ಹೋದಾಗ, ಅದರಲ್ಲಿದ್ದ ರಿವಾಲ್ವರಿನ ಗುಂಡು ಹಾರಿ ರಾಜ ಸತ್ತ. ತಾನೇ ಹಾರಿಸಿಕೊಂಡ ಅಂತಾರೆ, ಹಾಗಲ್ಲ ಅನ್ನೋರೂ ಇದ್ದಾರೆ. ಟೇಲರ್ ಆಗ ಮತ್ತೆ ಸುರಪುರದ ಅಧಿಕಾರಿಯಾಗಿ ಬಂದಿದ್ದ, ಅವನಿಗೆ ಸುದ್ದಿ ಕಾಗದದಲ್ಲಿ ಬಂತು. ಇಪ್ಪತ್ತನಾಲ್ಕನೇ ವರ್ಷದಲ್ಲಿ ಈ ಹುಡುಗ ಸಾಯ್ತಾನೆ ಅಂತ ಅವನ ಜಾತಕದಲ್ಲಿತ್ತು, ಊರಿನ ಬ್ರಾಹ್ಮಣನೊಬ್ಬ ಮೊದಲೇ ಹೇಳಿದ್ದ ಅಂತ ಟೇಲರ್ ಒಂದು ಕಥೆಯನ್ನೂ ಸೇರಿಸ್ತಾನೆ. ಕಾದಂಬರಿ ಬರೆಯೋರ ಆತ್ಮಕಥೆಯಲ್ಲಿ ಇಂಥದ್ದಕ್ಕೆ ಎಷ್ಟು ಬೆಲೆ ಕೊಡಬೇಕೋ ನಿಮಗೆ ಬಿಟ್ಟದ್ದು. 1860ರ ಒಪ್ಪಂದದಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. ಸಾಲಾರ್ ಜಂಗ್ ಸರಿಯಾದ ಕಡೆ ಕೂತಿದ್ದಕ್ಕೆ ಬಂದ ಪಾಲು.

ಪೋಕರಿನಲ್ಲಿ ಒಂದು ನಿಯಮ ಇದೆ. ಎಲೆ ಬಿಟ್ಟವನು ತನ್ನ ಕೈಯಲ್ಲಿ ಏನಿತ್ತು ಅಂತ ತೋರಿಸಬೇಕಾಗಿಲ್ಲ. ಎದುರಿನವನು ಎಷ್ಟೇ ಕೇಳಿದರೂ ಮುಚ್ಚಿ ಇಟ್ಟು ಹೋಗಬಹುದು. ಸೆರೆಯಲ್ಲಿದ್ದ ವೆಂಕಟಪ್ಪ ನಾಯಕನ ಹತ್ತಿರ ಟೇಲರ್ ಹೋಗಿ ಮಾತಾಡಿಸಿದ. ಹುಡುಗ ಅವನನ್ನು ಅಪ್ಪಾ ಅಂತಲೇ ಕರೆದು ಅತ್ತ. ಯಾರು ಯಾರು ನಿನ್ನ ಜೊತೆಗಿದ್ದರು, ಯಾರು ಹುರಿದುಂಬಿಸಿದರು ಹೇಳಿಬಿಡು, ರೆಸಿಡೆಂಟನ ಹತ್ತಿರ ಕ್ಷಮೆ ಕೇಳು ಅಂದಾಗ ಮಾತ್ರ ಒಪ್ಪಲಿಲ್ಲ. ಜೀವಕ್ಕಾಗಿ ಬೇಡಿಕೊಳ್ಳೋಲ್ಲ, ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಉಡಾಯಿಸಿ ಅಂದ. ಹೆಸರುಗಳನ್ನು ಹೇಳಲಿಲ್ಲ. ಹೇಳದೇನೇ ಹೋದ.